ದೊಡ್ಡಲಕ್ಷ್ಮಮ್ಮನ ಮಾರು

ಹೂ ಕಟ್ಟುವ ಹೆಂಗಸರ ತೋರುಬೆರಳನ್ನು ನೀವು ಹತ್ತಿರದಿಂದ ನೋಡಿರಲಿಕ್ಕಿಲ್ಲ. ದಾರ ಎಳೆದೂ ಎಳೆದೂ ಅಲ್ಲೊಂದು ಗೀರು ಬಿದ್ದಿರುತ್ತದೆ. ಮೊದಲ ತಿಂಗಳು ರಕ್ತ ಬರುತ್ತದೆ, ಆಮೇಲೆ ಬರೀ ಉರಿ. ಆ ಬೆರಳಿನಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿದರೆ ಕಣ್ಣಲ್ಲಿ ನೀರು ಬರುತ್ತದೆ. ನಮ್ಮೂರಿನ ಇಪ್ಪತ್ತೆರಡು ಹೆಂಗಸರಿಗೆ ಆ ಗೀರು ಇತ್ತು. ಅವರಲ್ಲಿ ನಾನೂ ಒಬ್ಬಳು.

ಬಿಡದಿಯಿಂದ ಬೈರಮಂಗಲಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಮೊದಲು ಹೂವು ನಾವೇ ಬೆಳೆಯುತ್ತಿದ್ದೆವು. ಕಾರ್ಖಾನೆ ಬಂತು, ತೋಟ ಹೋಯಿತು. ಆಮೇಲೆ ಯಾವುದೋ ಊರಿನ ಹೂವು ವ್ಯಾಪಾರಿ ಅನಂತರಾಜುವಿನ ಟೆಂಪೋದಲ್ಲಿ ಬುಟ್ಟಿಗಟ್ಟಲೆ ಬರತೊಡಗಿತು. ಸಾಯಂಕಾಲ ಅವನು ಹೂವು ಇಳಿಸುವುದು, ನಾವು ಕಟ್ಟುವುದು, ಬೆಳಿಗ್ಗೆ ಅವನು ಅಳೆಸಿಕೊಂಡು ಒಯ್ಯುವುದು. ಕೂಲಿ ಮಾರಿನ ಲೆಕ್ಕ.

ಮಾರು ಅಂದರೆ ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ. ನಮ್ಮಲ್ಲಿ ಅದಿಲ್ಲದೆ ಮಾತೇ ಇಲ್ಲ. ಬಾವಿಯ ಆಳ ಇಷ್ಟು ಮಾರು, ಸೇದುವ ಹಗ್ಗ ಇಷ್ಟು ಮಾರು. ಹಾವು ಕಂಡವನು ಎರಡು ಮಾರು ಇತ್ತು ಅನ್ನುತ್ತಾನೆ, ಕೇಳಿದವರು ಒಂದು ಮಾರು ಕಳೆದು ನಂಬುತ್ತಾರೆ. ಆಗದವರನ್ನು ಕಂಡರೆ ಮಾರು ದೂರ ನಿಲ್ಲುತ್ತೇವೆ. ಯಾರ ಕೈ, ಎಷ್ಟು ಉದ್ದ ಅಂತ ಯಾರೂ ಯಾರನ್ನೂ ಕೇಳಿದ್ದಿಲ್ಲ. ಹಗ್ಗ ಒಂದು ಗೇಣು ಹೆಚ್ಚಾದರೆ ಯಾರ ಗಂಟು ಹೋಗುತ್ತದೆ?

ಅನಂತರಾಜು ಮಾತ್ರ ಯಾರ ಕೈ ಉದ್ದ ಅಂತ ಕೇಳಿಕೊಂಡ. ಊರೆಲ್ಲ ಕಣ್ಣಾಡಿಸಿ ದೊಡ್ಡಲಕ್ಷ್ಮಮ್ಮನನ್ನು ಆರಿಸಿದ. ಆಕೆ ಹೆಸರಿಗೆ ತಕ್ಕ ಆಳು. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರಳು. ಕೈ ಚಾಚಿದರೆ ಹಟ್ಟಿಯ ಈ ಕಂಬಕ್ಕೂ ಆ ಕಂಬಕ್ಕೂ ತಾಗುತ್ತದೆ ಅಂತ ನಾವೇ ತಮಾಷೆ ಮಾಡುತ್ತಿದ್ದೆವು. ನೀನು ಇನ್ನು ಕಟ್ಟಬೇಡ, ಎಲ್ಲರದೂ ಅಳೆ ಸಾಕು, ದಿನಗೂಲಿ ಕೊಡುತ್ತೇನೆ ಅಂದ. ಅವಳ ಗಂಡ ಮುನಿರಾಮಯ್ಯನಿಗೆ ಕಾರ್ಖಾನೆಯಲ್ಲಿ ಗುಡಿಸುವ ಕೆಲಸವನ್ನೂ ಕೊಡಿಸಿದ. ಅಲ್ಲಿಗೆ ಕೂಲಿಯಾಳು ಕಳಿಸುವ ಕಂಟ್ರಾಕ್ಟರು ಅನಂತರಾಜುವಿನ ಭಾಮೈದ. ಒಂದೇ ಏಟಿಗೆ ಗಂಡ ಹೆಂಡತಿ ಇಬ್ಬರೂ ಅವನ ಕೈಯೊಳಗೆ ಬಂದರು.

ಅಂದಿನಿಂದ ನಾವು ಕಟ್ಟಿದ ಹೂವು ರಾತ್ರಿ ಬೆಳಗಾಗುವುದರೊಳಗೆ ಮೊಟಕಾಗತೊಡಗಿತು. ಅದರ ಮೇಲೆ ಕೊಸರು ಬೇರೆ. ಹೂವು ಮಾರುವವರು ಅಳತೆ ಆದ ಮೇಲೆ ಪ್ರೀತಿಯಿಂದ ಒಂದು ಗೇಣು ಹೆಚ್ಚಿಗೆ ಬಿಟ್ಟು ಕೊಯ್ಯುತ್ತಾರಲ್ಲ, ಅದು ಕೊಸರು. ಕೊಡುವವರ ಮನಸ್ಸಿಗೆ ಬಿಟ್ಟದ್ದು. ಅನಂತರಾಜು ಅದನ್ನು ಮಾರು ಮಾರಿಗೂ ಕಿತ್ತುಕೊಳ್ಳುತ್ತಿದ್ದ. ಟೇಪು ತಂದು ಅಳೆಯಿರಿ ಅಂದರೆ, ಮಾರು ತಾತನ ಕಾಲದ್ದು, ದೇವರ ಹೂವಿಗೆ ಟೇಪು ಹಿಡಿಯಬಾರದು ಅನ್ನುತ್ತಿದ್ದ. ಸಿಟಿ ಮಾರ್ಕೆಟ್ಟಿನಲ್ಲಿ ಅದೇ ಹೂವನ್ನು ಮೊಣಕೈ ಮಡಚಿಕೊಂಡು ಅಳೆದು ಮಾರುತ್ತಿದ್ದನಂತೆ. ಅಲ್ಲಿ ಬೇರೆ ದೇವರಿರಬೇಕು.

ನಮಗೆ ಅವನ ಮೇಲೆ ಬಂದ ಸಿಟ್ಟು ಲಕ್ಷ್ಮಮ್ಮನ ಮೇಲೆ ಹೋಯಿತು. ಎದುರಿಗಿದ್ದದ್ದು ಅವಳ ಕೈ ತಾನೆ. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಗೌರಿಹಬ್ಬಕ್ಕೆ ಯಾರೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಎರಡು ಸಾವಿರದ ಆರರಲ್ಲಿ ಆಯುಧಪೂಜೆಗೆ ದೊಡ್ಡ ಆರ್ಡರು ಬಂತು. ಕಾರ್ಖಾನೆಯ ಒಂದೊಂದು ಮಿಷನ್ನಿಗೂ ಸೇವಂತಿಗೆ ಹಾರ. ನಮ್ಮ ತೋಟ ಇದ್ದ ಜಾಗದಲ್ಲಿ ನಿಂತ ಮಿಷನ್ನಿಗೆ ನಾವೇ ಹಾರ ಕಟ್ಟಬೇಕು. ಕಟ್ಟಿದೆವು. ಹಬ್ಬದ ದಿನ ಬೆಳಿಗ್ಗೆ ಎಂಟೂವರೆಗೆ ಅರಳಿಕಟ್ಟೆಯ ಮೇಲೆ ಅಳತೆ ಶುರುವಾಯಿತು. ಹತ್ತಕ್ಕೆ ಕಾರ್ಖಾನೆಯಲ್ಲಿ ಪೂಜೆ.

ಮೊದಲು ರೋಶನ್ ಬೀ ಅವರದು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು, ಆ ಕೆಲಸ ನಿಂತ ಮೇಲೆ ನಮ್ಮೂರಿನ ಮಗಳ ಮನೆಗೆ ಬಂದಿದ್ದರು. ಬಿಸಿನೀರಲ್ಲಿ ಗೂಡು ಬೇಯಿಸಿ ಬೇಯಿಸಿ ಅವರ ಬೆರಳಲ್ಲಿ ಚರ್ಮವೇ ಗಟ್ಟಿ ಇರಲಿಲ್ಲ, ಚಿಂದಿ ಸುತ್ತಿಕೊಂಡು ಕಟ್ಟುತ್ತಿದ್ದರು. ನಮ್ಮಲ್ಲೆಲ್ಲ ಗಿಡ್ಡ ಅವರೇ. ತಮ್ಮ ಕೈಯಲ್ಲಿ ಇಪ್ಪತ್ತೈದು ಮಾರು ಅಳೆದು ತಂದಿದ್ದರು. ಲಕ್ಷ್ಮಮ್ಮನ ಕೈಯಲ್ಲಿ, ಕೊಸರೂ ಸೇರಿ, ಅದು ಹದಿನೆಂಟಾಯಿತು.

ಅವರು ಜಗಳ ಆಡಲಿಲ್ಲ. ಹೂವಿನ ಸುರುಳಿಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಲಕ್ಷ್ಮಮ್ಮನ ಮುಂದೆ ಬಂದು ತಲೆಯೆತ್ತಿ ಮೆಲ್ಲಗೆ ಹೇಳಿದರು:

"ನಿನ್ ಕೈ ಉದ್ದ ಇರಾದು ನಿನ್ ತಪ್ಪಲ್ಲ ಕಣಮ್ಮ. ನನ್ ಕೈ ಗಿಡ್ಡ ಇರಾದು ನನ್ ತಪ್ಪಾ?"

ಮುಂದಿನವಳ ಹೂವು ಹಿಡಿದು ಚಾಚಿದ್ದ ಲಕ್ಷ್ಮಮ್ಮನ ಕೈ ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಇಳಿಯಿತು. ಹೂವನ್ನು ಬುಟ್ಟಿಯಲ್ಲಿಟ್ಟು ಅವಳು ಕಟ್ಟೆಯಿಂದ ಕೆಳಗೆ ಬಂದಳು. ಇನ್ನು ನಾನು ಅಳೆಯುವುದಿಲ್ಲ, ಯಾರು ಕಟ್ಟಿದರೋ ಅವರೇ ಅವರ ಕೈಯಲ್ಲಿ ಅಳೆಯಲಿ ಅಂದಳು.

ಅನಂತರಾಜು ಮೊದಲು ನಕ್ಕ. ಅವಳು ನಗಲಿಲ್ಲ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

"ನೋಡು ಲಕ್ಷ್ಮಮ್ಮ, ಮುನಿರಾಮಯ್ಯನ ಗೇಟ್ ಪಾಸು ಯಾರ ಕೈಯಾಗೈತೆ ಅಂತ ಒಸಿ ಗ್ಯಾಪಕ ಮಾಡ್ಕೊ."

"ಗ್ಯಾಪಕ ಐತೆ ಕಣಣ್ಣ," ಅಂದಳು ಅವಳು. "ಅದ್ಕೇ ಇಷ್ಟು ದಿನ ಅಳೆದಿವ್ನಿ."

ಅವಳ ದನಿ ನಡುಗುತ್ತಿತ್ತು. ಅವಳಿಗೆ ಧೈರ್ಯ ಬಂದಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ಹೆದರಿಕೊಂಡೇ ಹೇಳಿದಳು.

ಹೊತ್ತು ಒಂಬತ್ತಾಗುತ್ತಿತ್ತು. ಕಾರ್ಖಾನೆಯಿಂದ ಫೋನಿನ ಮೇಲೆ ಫೋನು. ಅನಂತರಾಜುವಿಗೆ ಸಿಟ್ಟು ನೆತ್ತಿಗೇರಿತ್ತು. ನಿಮ್ಮ ಹಂಗು ಯಾರಿಗೆ ಬೇಕು, ನಾನೇ ಅಳೆಯುತ್ತೇನೆ ಅಂತ ಶರಟಿನ ತೋಳು ಮಡಚಿ ಕಟ್ಟೆ ಹತ್ತಿದ. ರೋಶನ್ ಬೀ ಅವರ ಹೂವಿನಿಂದಲೇ ಮತ್ತೆ ಶುರುಮಾಡಿದ. ಆಸಾಮಿಗೆ ಹೊಟ್ಟೆ ದೊಡ್ಡದು, ಆಳು ಗಿಡ್ಡ, ಕೈ ಇನ್ನೂ ಗಿಡ್ಡ. ಅವಸರದಲ್ಲಿ ಕೊಸರಿನ ನೆನಪೂ ಬರಲಿಲ್ಲ. ಎರಡು ಮಾರು ಆಗುತ್ತಲೇ ನಮಗೆ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲರೂ ಜೋರಾಗಿ ಎಣಿಸತೊಡಗಿದೆವು. ಹದಿನೆಂಟು ದಾಟಿತು. ಅವನ ಕೈ ತಡೆಯಿತು, ಆದರೆ ಇಪ್ಪತ್ತೆರಡು ಜನರ ಎದುರು ಇನ್ನು ನಿಲ್ಲಿಸುವ ಹಾಗಿರಲಿಲ್ಲ. ಇಪ್ಪತ್ತಮೂರಕ್ಕೆ ಹೂವು ಮುಗಿಯಿತು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಕೊಳ್ಳುವವನೇ ತನ್ನ ಕೈಯಾರೆ ಅಳೆದ ಮೇಲೆ ಮರು ಅಳತೆ ಇಲ್ಲ. ಅದು ಅವನಿಗೂ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಇಪ್ಪತ್ತೆರಡು ಜನರ ಹೂವನ್ನೂ ತಾನೇ ಅಳೆದ. ಬೆವರು ಇಳಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವತ್ತು ನಾವು ನಕ್ಕೆವು.

ಸಾಯಂಕಾಲ ಮುನಿರಾಮಯ್ಯ ಬರಿಗೈಯಲ್ಲಿ ಬಂದ. ಮಿಷನ್ನುಗಳಿಗೆ ಆರತಿ ಎತ್ತಿ ಸಿಹಿ ಹಂಚಿದ ಮೇಲೆ ಗೇಟಿನಲ್ಲಿ ಪಾಸು ಕಿತ್ತುಕೊಂಡಿದ್ದರು. ಅವನು ಹೆಂಡತಿಯನ್ನು ಬೈಯಲಿಲ್ಲ. ನಾವು ಒಬ್ಬೊಬ್ಬರೇ ಅವರ ಮನೆಗೆ ಹೋದೆವು. ರೋಶನ್ ಬೀ ಒಂದು ಸೇರು ರಾಗಿಹಿಟ್ಟು ತಂದಿಟ್ಟರು.

ಮೂರು ದಿನ ಟೆಂಪೋ ಬರಲಿಲ್ಲ. ಮೂರು ದಿನ ಹೇಗೆ ಕಳೆದೆವು ಅನ್ನುವುದು ನಮಗೇ ಗೊತ್ತು. ನಾಲ್ಕನೆಯ ದಿನ ಬಂತು. ಬುಟ್ಟಿಗಳ ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಸರಳು ಮಲಗಿತ್ತು. ಕಾರ್ಖಾನೆಯಲ್ಲೇ ಕೊಯ್ಸಿದ್ದಂತೆ, ಎರಡೂ ತುದಿಗೆ ಕೆಂಪು ಬಣ್ಣ ಬಳಿಸಿದ್ದ. ಇನ್ನು ಮೇಲೆ ಯಾರ ಕೈಯೂ ಬೇಡ, ಇದೇ ಮಾರು, ಯಾರಿಗೂ ಮೋಸ ಇಲ್ಲ ಅಂದ ಅನಂತರಾಜು. ಒಪ್ಪುವವರು ಹೂವು ತಗೊಳ್ಳಿ, ಒಪ್ಪದವರು ಮನೆಗೆ ಹೋಗಿ ಅಂದ.

ಹೂವಿನ ಮೇಲೆ ಬಿಸಿಲು ಬೀಳುತ್ತಿತ್ತು. ನಮ್ಮಲ್ಲಿ ಒಂದಿಬ್ಬರು ಒಂದು ಹೆಜ್ಜೆ ಮುಂದೆ ಇಟ್ಟಿದ್ದೂ ನಿಜ. ಹೊಟ್ಟೆ ಯಾರ ಮಾತು ಕೇಳುತ್ತದೆ?

ಆಗ ದೊಡ್ಡಲಕ್ಷ್ಮಮ್ಮ ಟೆಂಪೋದ ಹತ್ತಿರ ಹೋದಳು. ಸರಳನ್ನು ಎತ್ತಿ ಎದೆಗೆ ಅಡ್ಡ ಹಿಡಿದು, ಎಡಗೈ ಬೆರಳನ್ನು ಒಂದು ಕೆಂಪು ತುದಿಗೆ ಒತ್ತಿದಳು. ಬಲಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಚಾಚಿದಳು. ಎದೆ ಉಬ್ಬಿಸಿದಳು. ಬೆರಳಿನಾಚೆ ಇನ್ನೂ ಒಂದು ಗೇಣು ಕಬ್ಬಿಣ ಉಳಿದಿತ್ತು.

ಅವಳು ಅನಂತರಾಜುವಿನ ಕಡೆ ತಿರುಗಿದಳು. ಈ ಸಲ ದನಿ ನಡುಗಲಿಲ್ಲ.

"ಇದು ಯಾರ ಕೈ ಅಣ್ಣ?"

ಹೆಜ್ಜೆ ಮುಂದಿಟ್ಟಿದ್ದವರು ಹಿಂದಕ್ಕೆ ಬಂದರು. ಬುಟ್ಟಿಗೆ ಒಬ್ಬರೂ ಕೈ ಹಾಕಲಿಲ್ಲ.