ಕಾಂಕ್ರೀಟಿಗೆ ಹಾಕಿದ ಐಸು

ಮೂವತ್ತೊಂದು, ಹಸಿ ಕಾಂಕ್ರೀಟಿಗೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಅಲ್ಲೇ ನಿಂತಿದೆ, ಮೂವತ್ತೆರಡು ದಾಟಿದ್ದರೆ ಕಾಂಕ್ರೀಟು ಕೆಡುತ್ತಿತ್ತು, ದಾಟಲಿಲ್ಲ, ಬಸ್ರಾದ ಈ ಜುಲೈ ಬಿಸಿಲಿನಲ್ಲಿ ಸೇತುವೆಯ ಚಪ್ಪಡಿ ಹಾಕಿ ಗೆದ್ದೆ — ಗೆದ್ದವನಿಗೆ ತಲೆ ಎತ್ತಲು ಆಗುತ್ತಿಲ್ಲ, ಅಲ್ಲಿ ಅಬು ಜವ್ವಾದ್ ಬಿದ್ದಿದ್ದಾರೆ, ಸೆಂಟ್ರಿಂಗ್ ಹಲಗೆ ಹೊಡೆಯುವ ಮುದುಕ, ಬೆವರು ಕೂಡ ನಿಂತುಹೋಗಿದೆ. ಕಾಂಕ್ರೀಟು ಕಾಯದಂತೆ ಬೆರೆಸುವ ಐಸು ಕೊನೆಯ ಮಿಕ್ಸರಿಗೆ ಕಡಿಮೆ ಬಿತ್ತು, ಐಸಿನ ಲಾರಿ ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಕೊಂಡಿತ್ತು, ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಆಗ ಕಣ್ಣಿಗೆ ಬಿದ್ದದ್ದು ಕೆಲಸದವರ ನೀರಿನ ಪೀಪಾಯಿ, ತುಂಬ ಐಸ್ ಗಡ್ಡೆಗಳು, ದಿನವೂ ಅಬು ಜವ್ವಾದರೇ ತಂದು ತುಂಬುತ್ತಾರೆ, ಮೇಲೆ ಅವರದೇ ಕೈಬರಹ, ಕುಡಿ, ಹುಸೇನರ ಬಾಯಾರಿಕೆ ನೆನೆ. ಇಂಜಿನಿಯರೇ, ಅದಕ್ಕೆ ಕೈ ಹಾಕ್ಬೇಡಿ, ಅದು ಬಾಯಾರಿದವರ ಪಾಲು, ಅಂದರು, ನಾನು ನಕ್ಕೆ, ಕಾಂಕ್ರೀಟಿಗೂ ಬಾಯಾರಿಕೆ ಇರತ್ತಲ್ಲ ಹಾಜಿ, ಸ್ವಲ್ಪ ತಡ್ಕೊಳ್ಳಿ, ಅವರ ಜೊತೆಗಾರ ಚಾಸಿಬ್ ಸುಮ್ಮನಿರಲಿಲ್ಲ, ನಿಮಗೇನು ಉಸ್ತಾದ್, ನಿಮ್ಮ ಕಾರೊಳಗೆ ಚಳಿಗಾಲ ಸಾಕಿಟ್ಕೊಂಡಿದ್ದೀರಿ — ಎಲ್ಲರೂ ನಕ್ಕರು, ನನಗೆ ಉರಿಯಿತು, ಆ ಉರಿಯಲ್ಲೇ ಎಲ್ಲ ಗಡ್ಡೆಗಳನ್ನೂ ಮಿಕ್ಸರಿನ ತೊಟ್ಟಿಗೆ ಸುರಿಸಿದೆ, ಪೀಪಾಯಿ ನೀರು ಚಹಾದಷ್ಟು ಕಾದಿತು, ಯಾರೂ ಮುಟ್ಟಲಿಲ್ಲ. ಅಮ್ಮ ಮೊಹರಂನಲ್ಲಿ ಬಾಗಿಲಿಗೆ ತಣ್ಣೀರಿನ ಮಡಕೆ ಇಡುತ್ತಿದ್ದಳು, ಶತ್ರುವಾದ್ರೂ ಮೊದಲು ನೀರು ಕೊಡು ಮಗಾ, ಜಗಳ ಆಮೇಲೆ, ಕರ್ಬಲಾದಲ್ಲಿ ಹುಸೇನರಿಗೆ ನೀರು ತಡೆದು ಕೊಂದವರು ಯಾರೆಂದು ಈ ಊರಿನ ಹಸುಗೂಸಿಗೂ ಗೊತ್ತು, ನಾನೂ ವರ್ಷವರ್ಷವೂ ಎದೆ ಬಡಿದುಕೊಂಡು ಅವರನ್ನು ಶಪಿಸಿದವನೇ, ಈಗ ಯಾರಿಗೆ ಹಾಕಲಿ ಆ ಶಾಪ.

ಮತ್ತೆ ಅದಕ್ಕಿಂತ ಹೀನ, ಮುದುಕ ಬಿದ್ದಾಗ ಚಾಸಿಬ್ ಚಪ್ಪಡಿಗೆ ಹೊದಿಸಿದ್ದ ಒದ್ದೆ ಗೋಣಿ ಕಿತ್ತುಕೊಂಡು ಅವರ ಮೈ ತಣಿಸಲು ಓಡಿದ, ನಾನು ಕೂಗಿದೆ, ಥೂ, ನನ್ನ ಬಾಯಿಗೆ ಮಣ್ಣು ಬೀಳ — ಗೋಣಿ ತೆಗೀಬೇಡ್ವೋ, ಚಪ್ಪಡಿ ಬಿರುಕು ಬಿಡತ್ತೆ! ಎಲ್ಲರೂ ನನ್ನತ್ತ ತಿರುಗಿದರು, ಕಾರಿಗೆ ಓಡಿದೆ, ತಣ್ಣನೆಯ ಬಾಟಲಿ ತಂದು ಮಂಡಿಯೂರಿದೆ, ಕುಡೀರಿ ಹಾಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಕಣ್ಣು ಬಿಟ್ಟರು, ಉಸಿರಿದೆ, ಬದುಕುತ್ತಾರೆ, ನನ್ನನ್ನು ಗುರುತಿಸಿದರು, ಒಡೆದ ತುಟಿ ಬಿಗಿದರು. ಚಾಸಿಬ್ ಲೋಟದಲ್ಲಿ ಪೀಪಾಯಿಯ ಬಿಸಿ ನೀರು ತಂದ, ಅದನ್ನು ಗುಟುಕು ಗುಟುಕಾಗಿ ಕುಡಿದರು, ಹಾಗಾದರೆ ಬಾಯಾರಿದೆ, ನಾನು ಮತ್ತೆ ಬಾಟಲಿ ಚಾಚಿದೆ, ತುಟಿ ಬಿಗಿದರು, ತಂಪಾಗಿದೆ ಹಾಜಿ, ಒಂದೇ ಗುಟುಕು — ಬಿಗಿದ ತುಟಿ, ಬಾಟಲಿ ಬೆವರಿ ನನ್ನ ಮಣಿಕಟ್ಟಿನ ಮೇಲೆ ತೊಟ್ಟಿಕ್ಕುತ್ತಿದೆ, ಇನ್ನೊಮ್ಮೆ ಚಾಚಿದೆ, ಬಿಗಿದ ತುಟಿ, ಬಿಗಿದ ತುಟಿ