ಅಪ್ಪನ ಪಾತ್ರದಲ್ಲಿ ಅಪ್ಪ

ಮುಂದಿನ ಸೀಟಿನ ಬೋಳುತಲೆಯ ಮೇಲೆ ಪರದೆಯ ಬೆಳಕು ನೀಲಿಯಾಗಿ, ಆಮೇಲೆ ಹಳದಿಯಾಗಿ ಜಾರುತ್ತಿದೆ, ಈ ತಲೆ ಆ ಮಹಾಶಯ ನಿರ್ದೇಶಕನದ್ದೇ ಆಗಿದ್ದರೆ ಹಿಂದೆ ಕೂತ ಈ ಬೀಗ ರಿಪೇರಿಯವನ ಮಗ ಒಂದು ಬಾರಿಸಿಯೇ ಬಿಡುತ್ತಿದ್ದ, ಆದರೆ ಅವನು ಮೊದಲ ಸಾಲಿನಲ್ಲಿ ಹೂಗುಚ್ಛ ತಬ್ಬಿಕೊಂಡು ಕೂತಿದ್ದಾನೆ, ಇವತ್ತು ಅವನ ಅತ್ಯುತ್ತಮ ಚಿತ್ರಗಳ ಪ್ರದರ್ಶನವಂತೆ, ಸಾಕ್ಷ್ಯಚಿತ್ರಕ್ಕೂ ಸೈ, ಕಥಾಚಿತ್ರಕ್ಕೂ ಸೈ ಅಂತ ಮೈಕಿನವಳು ಹೊಗಳಿದ್ದೇ ಹೊಗಳಿದ್ದು, ಬೆಳಿಗ್ಗೆ ರೈಲು ಹಳಿ ಕಾಯುವವರ ಸಾಕ್ಷ್ಯಚಿತ್ರ, ಮಧ್ಯಾಹ್ನ ಮಾತು ಬಿಟ್ಟ ಅಕ್ಕತಂಗಿಯರ ಕಥೆ, ಎರಡೂ ಚೆನ್ನಾಗೇ ಇದ್ದವು, ಹಾಳಾದ್ದು, ಅಕ್ಕತಂಗಿಯರು ಒಂದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ಇವನ ಕಣ್ಣಲ್ಲೂ ನೀರು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು — ಸೈಯಂತೆ ಸೈ, ನಮ್ಮ ಮನೆ ಕೆಡಿಸುವುದಕ್ಕೂ ಸೈ. ಪಕ್ಕದಲ್ಲಿ ಅಪ್ಪ ಎಡಗಾಲು ಚಾಚಿ ಕೂತಿದ್ದಾನೆ, ಆ ಕಾಲಿಗೆ ಏನೂ ಆಗಿಲ್ಲ, ಮುಳ್ಳು ಕೂಡ ಚುಚ್ಚಿಲ್ಲ, ಕುಂಟಿದ್ದು ಸಿನಿಮಾದ ನಟ, ಹೋದ ವರ್ಷ ಅಪ್ಪನ ಅಂಗಡಿಯ ಕಥೆ ಅಂತ ಇದೇ ನಿರ್ದೇಶಕ ಸಿನಿಮಾ ಮಾಡಿದ, ಅಪ್ಪನ ಪಾತ್ರಕ್ಕೆ ಬೆಳ್ಳಿಗಡ್ಡದ ನಟ, ಕುಂಟುತ್ತಾನೆ, ಕಿಟಕಿಯಾಚೆ ನೋಡುತ್ತಾನೆ, ಹೊತ್ತಿಗೊಂದು ಮಾತು, ಅಪ್ಪ ಎಷ್ಟೋ ಸಲ ನೋಡಿ ಬಂದ, ಕೊನೆಗೊಂದು ಸಲ ಕುಂಟುತ್ತಾ ಬಂದ, ಏನಾಯ್ತಪ್ಪಾ ಕಾಲಿಗೆ ಅಂದರೆ ಕಿಟಕಿಯಾಚೆ ನೋಡಿದ, ಅಲ್ಲಿರುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಆಮೇಲೆ ಗಡ್ಡ ಬಂತು, ಬೈಗುಳ ಹೋಯಿತು, ಬಾಗಿಲು ಬಿಗಿದುಕೊಂಡಿದೆ ಬೇಗ ಬನ್ನಿ ಮಗು ಒಳಗಿದೆ ಅಂತ ಹೆಂಗಸೊಬ್ಬಳು ಓಡಿ ಬಂದರೆ, ಎಲ್ಲ ಬಾಗಿಲೂ ಒಂದು ದಿನ ತೆರೆಯುತ್ತವಮ್ಮ, ಅನ್ನುತ್ತಾನೆ, ಸಿನಿಮಾದ ಡೈಲಾಗು, ಕೊನೆಗೆ ಮಗನೇ ಎದ್ದೆನೋ ಬಿದ್ದೆನೋ ಅಂತ ಓಡಿ ತೆರೆದ. ಅಮ್ಮನಿಗೆ ಜಗಳಕ್ಕೂ ಜನ ಇಲ್ಲ, ಮದುವೆಯಾದಾಗಿಂದ ದಿನಾ ಕಿತ್ತಾಡಿದ್ದೀವಿ ಕಣೋ, ಈಗ ಉಪ್ಪು ಸುರಿದು ಬಡಿಸಿದರೂ ಸುಮ್ಮನೆ ತಿಂತಾರೆ, ಯಾರ ಜೊತೆ ಸಂಸಾರ ಮಾಡ್ತಿದ್ದೀನೋ ಗೊತ್ತಾಗ್ತಿಲ್ಲ, ನಿಮ್ಮಪ್ಪನ್ನ ಹುಡುಕಿ ತಾರೋ ಅಂದಳು, ಮನೆಯಲ್ಲೇ ಇರುವವನನ್ನು ಎಲ್ಲಿ ಅಂತ ಹುಡುಕೋದು, ಅದಕ್ಕೇ ಇಬ್ಬರನ್ನೂ ಇಲ್ಲಿಗೆ ಎಳೆದುಕೊಂಡು ಬಂದ, ಯಾಕೆಂದರೆ ಆ ಕಥೆಗೂ ಮುಂಚೆ ನಿರ್ದೇಶಕ ಅಂಗಡಿಗೇ ಕ್ಯಾಮೆರಾ ತಂದು ಸಾಕ್ಷ್ಯಚಿತ್ರ ಮಾಡಿದ್ದ, ಅದರಲ್ಲಿರುವುದು ಅಸಲಿ ಅಪ್ಪ, ಅಪ್ಪ ಅದನ್ನು ನೋಡಿಯೇ ಇಲ್ಲ, ನಾನು ಸಿನಿಮಾ ನೋಡ್ತಾ ಕೂತರೆ ಅಂಗಡಿ ಯಾರು ನೋಡ್ತಾರೆ, ನಿಮ್ಮಜ್ಜೀನಾ, ಅಂದಿದ್ದ ಆಗ. ಇವತ್ತು ಸಂಜೆಯ ಆಟ ಅದೇ, ನೋಡಿದರೆ ತನ್ನ ನೆನಪು ತನಗೆ ಬಂದೀತು, ಬರದಿದ್ದರೆ ಚಿತ್ರ ಮುಗಿದು ಜನ ನಿರ್ದೇಶಕನಿಗೆ ಪ್ರಶ್ನೆ ಕೇಳುವ ಹೊತ್ತಿಗೆ ಮೈಕು ಕಿತ್ತುಕೊಂಡು, ಸ್ವಾಮಿ, ನಮ್ಮಪ್ಪನ್ನ ವಾಪಸ್ ಕೊಡಿ, ಅನ್ನುವುದೇ, ಮಾತು ಬಾಯಿಪಾಠ ಆಗಿದೆ — ಬಂದ, ಬಂದ, ಪರದೆ ತುಂಬ ಅಪ್ಪ, ಎರಡೂ ಕೈಯಲ್ಲಿ ಬೀಗ, ಹಲ್ಲಿನ ನಡುವೆ ಹಿತ್ತಾಳೆ ಕೀಲಿ, ಕಚ್ಚಿಕೊಂಡೇ ಬೈಯುತ್ತಿದ್ದಾನೆ, ರೀ ಕ್ಯಾಮೆರಾದೋರೆ, ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ ಗೋಡೆ ಥರ ನಿಂತಿದ್ದೀರಲ್ಲ, ನಿಮ್ಮನ್ನ ಹೆತ್ತೋರೇನು ಗಾಜಿನಲ್ಲಿ ಮಾಡಿದ್ದಾರಾ — ಇಡೀ ಸಭೆ ಗೊಳ್ಳೆಂದಿತು, ನಿರ್ದೇಶಕನ ಹೂಗುಚ್ಛ ಕುಣಿಯಿತು, ಅಮ್ಮ ಅಂಗೈ ಬಾಯಿಗೆ ಒತ್ತಿ ನಗುತ್ತಿದ್ದಾಳೆ, ನೋಡೋ, ನೋಡೋ, ಇವರೇ ಕಣೋ, ನಮ್ಮನೆಯವರು, ಮತ್ತೆ ಅದೇ ಮುಖ, ಹಲ್ಲಿನ ನಡುವೆ ಕೀಲಿ, ಈಗ, ಈಗ ನೆನಪು ಬಂತು ಅಂತ ಇವನು ತಿರುಗಿದರೆ ಅಪ್ಪನ ಎಡಗಾಲು ಚಾಚಿದಂತೆಯೇ ಇದೆ, ಗಡ್ಡ ನೀವಿಕೊಂಡ, ಉದ್ದಕ್ಕೆ ಉಸಿರು ಬಿಟ್ಟ, ಇವನ ಕಿವಿಗೆ ಬಾಗಿದ, ಪಾಪ ಕಣೋ, ಕಷ್ಟಪಟ್ಟಿದ್ದಾನೆ, ಆದರೆ ನನ್ನ ಪಾತ್ರ ಇವನ ಕೈಲಿ ಆಗಲ್ಲ, ಅತಿಯಾಯ್ತು — ಸ್ವಾಮಿ, ನಮ್ಮಪ್ಪನ್ನ, ಯಾರ ಹತ್ತಿರ ಕೇಳೋದು, ಯಾವ ಅಪ್ಪನ್ನ ಕೇಳೋದು, ಅಮ್ಮ ಸೀಟಿನ ತುದಿಗೆ ಬಂದಿದ್ದಾಳೆ, ಬೈಯ್ರೀ, ಇನ್ನೊಂದು ಬೈಯ್ರೀ ಅಂತ ಪರದೆಗೆ ಹೇಳುತ್ತಿದ್ದಾಳೆ, ಪರದೆಯ ಅಪ್ಪ ತುಟಿ ಅಗಲಿಸಿದ, ಹಲ್ಲಿನ ನಡುವೆ ಕೀಲಿ, ಇಷ್ಟು ಬೈದರೂ ಬೀಳಲೊಲ್ಲದು, ಹಲ್ಲಿನ ನಡುವೆ ಕೀಲಿ, ಹಲ್ಲಿನ ನಡುವೆ —