ಟೊಮೆಟೊ ಗೂಟವಾಗದ ನಳಿಗೆ

"ನಿಮ್ಮಮ್ಮನ ರೈಫಲ್ ನಳಿಗೆ ಸತ್ತೋಗಿದೆ ಕಣೋ ರಾಯ್ಸ್. ಬಿಚ್ಚಿ ಕೊಡು, ನನ್ ಟೊಮೆಟೊ ಗಿಡಕ್ಕೆ ಗೂಟ ಮಾಡ್ಕೋತೀನಿ," ಎಂದ ಮುದುಕ ಸ್ಟಾಫರ್. ಪೆನ್ಸಿಲ್ವೇನಿಯಾದ ನಮ್ಮ ಗುರಿಕಾರರ ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಇನ್ನೂರು ಗಜದಾಚೆಯ ಕಾಗದದಲ್ಲಿ ನನ್ನ ಐದು ಗುಂಡುಗಳು ಕೋಳಿಮೊಟ್ಟೆಯಗಲ ಚೆಲ್ಲಾಡಿದ್ದವು.

ಹನ್ನೆರಡು ವರ್ಷ ಇದೇ ನಳಿಗೆಯಿಂದ ಅಮ್ಮ ಅವನಿಗೆ ಮಣ್ಣು ಮುಕ್ಕಿಸಿದ್ದಳು. ಅವಳ ಕಣ್ಣು ಮಂಜಾದ ಮೇಲೆ ಇವನಿಗೆ ನಾಲಿಗೆ ಬಂದಿದೆ!

"ಮುಂದಿನ ಭಾನುವಾರ ಐದೂ ತೂತು ನಿಮ್ ಕೋಟಿನ ಬಟನ್ನಡಿ ಮುಚ್ಚದಿದ್ರೆ ನಾನೇ ಬಿಚ್ಚಿ ಕೊಡ್ತೀನಿ," ಎಂದುಬಿಟ್ಟೆ.

ತೋಟಾಗಳನ್ನು ನಾವು ಮನೆಯಲ್ಲೇ ತುಂಬುತ್ತೇವೆ. ಗುಂಡನ್ನು ಹಿತ್ತಾಳೆ ಚಿಪ್ಪಿನಲ್ಲಿ ಎಷ್ಟು ಆಳ ಕೂರಿಸಬೇಕೆಂದು ಅಮ್ಮ ರಟ್ಟಿನ ಮೇಲೆ ಶಾಯಿಯಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದಳು. ನಾನು ಅದನ್ನೇ ಕಣ್ಣುಮುಚ್ಚಿ ಪಾಲಿಸುತ್ತಿದ್ದೆ.

ಮರುದಿನ ಸಿಟ್ಟಿನಲ್ಲೇ ಮದ್ದಿಲ್ಲದ ಖಾಲಿ ಚಿಪ್ಪಿಗೆ ಗುಂಡನ್ನು ಸಡಿಲವಾಗಿ ಸಿಕ್ಕಿಸಿ ರೈಫಲ್ಲಿಗೆ ತಳ್ಳಿದೆ. ನಳಿಗೆಯೊಳಗೆ ಗುಂಡನ್ನು ಹಿಡಿದು ತಿರುಗಿಸುವ ಸುರುಳಿಗೆರೆಗಳಿಗೆ ಅದರ ಮೂತಿ ತಾಗಿ ನಿಂತಿತು. ತೆಗೆದು ಅಳೆದರೆ ಗುಂಡು ಅಮ್ಮನ ಅಳತೆಗಿಂತ ಉಗುರಿನ ದಪ್ಪದಷ್ಟು ಹೊರಗಿತ್ತು! ಹನ್ನೆರಡು ವರ್ಷದ ಬೆಂಕಿ ಗೆರೆಗಳ ಬುಡವನ್ನು ತಿಂದುಹಾಕಿತ್ತು. ಗುಂಡು ಅಷ್ಟು ದೂರ ಹಿಡಿತವಿಲ್ಲದೆ ಹಾರಿ ಗೆರೆ ಸೇರುತ್ತಿತ್ತು. ಸತ್ತದ್ದು ನಳಿಗೆಯಲ್ಲ, ರಟ್ಟು.

"ನನ್ ಲೆಕ್ಕ ತಪ್ಪು ಅಂತೀಯಾ?" ಅಮ್ಮನ ದನಿ ಏರಿತು.

"ಆಗ ಸರಿ ಇತ್ತಮ್ಮಾ. ಗೆರೆ ಮುಂದಕ್ಕೆ ಹೋಗಿದೆ, ನೀನು ಹೋಗಿಲ್ಲ."

"ಬಾಯಿ ನೋಡು! ಮದ್ದು ಹೆಚ್ಚಿಸ್ಬೇಡ. ಗೆರೆಗೆ ತಾಗಿಸ್ಬೇಡ. ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸು."

ಹಾಗೇ ಮಾಡಿದೆ. ಗುಂಡು ಒಂದೆಳೆ ಹೊರಗೆ, ಮೂರು ಹೊಡೆತ. ಇನ್ನೊಂದೆಳೆ, ಮತ್ತೆ ಮೂರು. ಗುರುವಾರ ಮೂರೂ ತೂತು ಒಂದಕ್ಕೊಂದು ಅಂಟಿಕೊಂಡವು. ಅಲ್ಲೇ ಅಳತೆ ನಿಲ್ಲಿಸಿದೆ.

ಭಾನುವಾರ ಐದು ಹೊಡೆದು ಕಾಗದವನ್ನು ಮೇಜಿನ ಮೇಲೆ ಬಡಿದೆ. "ಇಡ್ರೀ ಬಟನ್!"

ಸ್ಟಾಫರ್ ಕೋಟಿನ ಅಂಚನ್ನು ಎಳೆದು ಬಟನ್ ಇಟ್ಟ. ತೂತು ಮಾಯ. ಅತ್ತ ಸರಿಸಿದ, ಇತ್ತ ಸರಿಸಿದ. ಈ ಸಲ ನಗು ಅವನ ಕಡೆ ತಿರುಗಿತು.

ಜೊತೆಗೆ ಬಂದಿದ್ದ ಅಮ್ಮ ಕಾಗದವನ್ನು ಬೆರಳಲ್ಲಿ ತಡವಿದಳು. "ಒಂದೇ ತೂತಿದೆಯಲ್ಲೋ! ಉಳಿದ ನಾಲ್ಕು ಎಲ್ಲೋದ್ವು? ಸ್ಟಾಫರ್, ನಿನ್ ಟೊಮೆಟೊಗೆ ಬಿದಿರು ಕೊಂಡ್ಕೋ."

ಮನೆಗೆ ಬಂದವಳೇ ಗೋಡೆಯ ರಟ್ಟನ್ನು ಕಿತ್ತು, ಹಿಂಬದಿ ತಿರುಗಿಸಿ ನನ್ನ ಕೈಗಿಟ್ಟಳು.

"ನಿನ್ ಅಳತೆ ಬರಿ. ಶಾಯೀಲಲ್ಲ, ಪೆನ್ಸಿಲ್ಲಲ್ಲಿ ಬರಿ. ಆ ಗೆರೆ ಇನ್ನೂ ಸರಿಯುತ್ತೆ."